ಕೊರಳಲ್ಲಿ ಎರಡು ಕರಡಿಗೆ

ಕೆಲವು ವರ್ಷಗಳ ಹಿಂದೆ ಕೈಮಗ್ಗದ ಕೆಲಸದ ನೆಪದಲ್ಲಿ ಪೆರು ದೇಶದ ಲಿಮಾ ಪಟ್ಟಣಕ್ಕೆ ಹೋಗಿದ್ದೆ. ಅಲ್ಲಿನ ನೇಕಾರ ಹೆಂಗಸರು ಒಂದು ಸಂಜೆ ನನ್ನನ್ನು ಬೀದಿ ಮೂಲೆಯ ತಳ್ಳುಗಾಡಿಗೆ ಕರೆದುಕೊಂಡು ಹೋದರು. ಗಾಡಿಯವಳು ಹೆಚ್ಚುಕಮ್ಮಿ ನನ್ನ ವಯಸ್ಸಿನವಳೇ. ಕೆಂಡದ ಮೇಲೆ ಕಡ್ಡಿಗಳನ್ನು ಸಾಲಾಗಿಟ್ಟು, ಮೆಕ್ಕೆಜೋಳದ ಸಿಪ್ಪೆಯನ್ನೇ ಕುಂಚ ಮಾಡಿಕೊಂಡು ಅವಕ್ಕೆ ಕೆಂಪು ಖಾರ ಸವರುತ್ತಿದ್ದಳು. ಒಂದು ಕಡ್ಡಿ ನನ್ನ ಕೈಗೂ ಬಂತು. ಏನಿದು ಎಂದು ಕೇಳಿದೆ. ಜೊತೆಯಲ್ಲಿದ್ದವಳು ತನ್ನ ಎದೆಯ ಎಡಭಾಗವನ್ನು ತಟ್ಟಿ ತೋರಿಸಿದಳು, ಆಮೇಲೆ ತಲೆಯ ಮೇಲೆ ಎರಡು ಬೆರಳಿಟ್ಟು ಕೊಂಬು ಮಾಡಿದಳು. ಎತ್ತಿನ ಗುಂಡಿಗೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಹೊಗೆ ಮೂಗಿಗೆ ತಾಕಿದ್ದೇ ತಡ, ನನ್ನ ಎಡಗೈ ತಾನಾಗಿ ಕೊರಳಿಗೆ ಹೋಯಿತು. ಅರವತ್ತು ದಾಟಿದ ಹೆಂಗಸು ಪರದೇಶದ ಬೀದಿಯಲ್ಲಿ ನಿಂತು, ಕೊರಳಿನ ಇಷ್ಟಲಿಂಗವನ್ನು ತೆಗೆದು ಯಾರ ಕೊರಳಿಗೆ ಹಾಕಲಿ ಎಂದು ಸುತ್ತ ಹುಡುಕುತ್ತಿದ್ದೆ. ಅಲ್ಲಿ ಅಂಥವರು ಯಾರೂ ಇರಲಿಲ್ಲ. ಕಡ್ಡಿಯ ತುದಿಗೆ ಚುಚ್ಚಿದ್ದ ಬೇಯಿಸಿದ ಆಲೂಗಡ್ಡೆಯನ್ನಷ್ಟೇ ತಿಂದು ಮಿಕ್ಕದ್ದನ್ನು ಜೊತೆಯವಳಿಗೆ ಕೊಟ್ಟೆ. ಕೈ ಕೊರಳಿಗೆ ಹೋಗುವ ಆ ಹೆದರಿಕೆಯನ್ನು ನಾನು ಮುಂಬಯಿಯ ಬೈಕುಲ್ಲಾದಿಂದ ತಂದಿದ್ದೆ, ಒಂಬತ್ತು ವರ್ಷದವಳಾಗಿದ್ದಾಗ.

ಆಗ ನಾವು ಮುಂಬಯಿಯ ಪರೇಲಿನಲ್ಲಿ, ಬಟ್ಟೆ ಗಿರಣಿಯ ಕೆಲಸಗಾರರ ಚಾಳೊಂದರ ಮೂರನೆಯ ಮಹಡಿಯಲ್ಲಿ ಇದ್ದೆವು. ಒಂದೇ ಖೋಲಿ, ಒಂದೇ ಕೋಣೆಯ ಮನೆ. ಒಂದು ಮೂಲೆಯಲ್ಲಿ ಮೋರಿ, ಅಲ್ಲೇ ಸ್ನಾನ, ಅಲ್ಲೇ ಪಾತ್ರೆ. ಎದುರು ಮೂಲೆಯಲ್ಲಿ ಒಲೆ. ಮೇಲೆ ಅಟ್ಟ, ಅಲ್ಲಿ ಆಯಿಯ ಟ್ರಂಕು. ಆಯಿ ಎಂದರೆ ನಮ್ಮಲ್ಲಿ ಅಜ್ಜಿ, ಅಪ್ಪನ ತಾಯಿ. ಅಕ್ಕಪಕ್ಕದ ಮರಾಠಿಯವರಲ್ಲಿ ಆಯಿ ಎಂದರೆ ತಾಯಿ, ಹಾಗಾಗಿ ಚಾಳಿನ ಅರ್ಧ ಜನ ನನಗೆ ಅರವತ್ತೈದು ವರ್ಷದ ತಾಯಿ ಇದ್ದಾಳೆಂದೇ ತಿಳಿದಿದ್ದರು. ನನ್ನ ಅವ್ವನಿಗೆ ಇದರಿಂದ ಮೈಯೆಲ್ಲ ಉರಿಯುತ್ತಿತ್ತು. ಅತ್ತೆ ಸೊಸೆ ಜಗಳಕ್ಕೆ ಅದೂ ಒಂದು ಕಾರಣ. ರೇಷನ್ನಿನಲ್ಲಿ ಬರುತ್ತಿದ್ದ ಕೆಂಪು ಜೋಳ ಇನ್ನೊಂದು. ಅದರ ಹಿಟ್ಟಿಗೆ ಜಿಗುಟಿಲ್ಲ, ರೊಟ್ಟಿ ತಟ್ಟಿದರೆ ಅಂಚು ಒಡೆಯುತ್ತಿತ್ತು. ಒಡೆದ ರೊಟ್ಟಿ ನೋಡಿ ಆಯಿ, "ಕೈಯಾಗ ಕಸುವಿಲ್ಲ" ಅನ್ನುವಳು. ಅವ್ವ ಸಿಟ್ಟಿಗೆ ಇನ್ನೂ ಜೋರಾಗಿ ಬಡಿಯುವಳು. ಕೆಳಗಿನ ಮಹಡಿಯ ಹೆಂಗಸು ಕೋಲಿನಿಂದ ತನ್ನ ಮಾಳಿಗೆಗೆ ಕುಟ್ಟಿ ಬೈಯುವಳು. ಮೂವರೂ ಎರಡು ಭಾಷೆಯಲ್ಲಿ ಒದರಾಡಿ ಮುಗಿಸುವಷ್ಟರಲ್ಲಿ ನನ್ನ ಊಟ ಮುಗಿದಿರುತ್ತಿತ್ತು.

ಜಗಳ ಎಷ್ಟಿದ್ದರೂ ಒಂದು ವಿಷಯದಲ್ಲಿ ಆಯಿಗೆ ಯಾರೂ ಎದುರಾಡುತ್ತಿರಲಿಲ್ಲ. ನಸುಕಿನಲ್ಲಿ ಗಿರಣಿಯ ಭೋಂಗಾ ಪಾಳಿಗೆ ಕರೆದು ಕೂಗುವ ಮೊದಲೇ ಆಕೆ ತಣ್ಣೀರು ಮಿಂದು, ವಿಭೂತಿ ಹಚ್ಚಿ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಬೆಳ್ಳಿಯ ಕರಡಿಗೆ ತೆರೆದು ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರೆ ಆಕೆಯ ಮುಖ ಬೇರೆಯೇ ಆಗುತ್ತಿತ್ತು. ನಾವು ನಾಲ್ವರೂ ಕರಡಿಗೆ ಕಟ್ಟಿದವರು. ನನಗೆ ಹಿಂದಿನ ವರ್ಷವಷ್ಟೇ ದೀಕ್ಷೆ ಆಗಿತ್ತು. ನಿಯಮಗಳನ್ನು ಆಯಿ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಕಲಿಸಿದ್ದಳು.

"ಲಿಂಗಕ್ಕ ತೋರಿಸದ ಒಂದು ತುತ್ತೂ ಬಾಯಾಗ ಇಡಬಾರದು. ನೆಲಕ್ಕ ಇಡಬಾರದು. ಗ್ವಾಡಿ ಗೂಟಕ್ಕ ಹಾಕಬಾರದು. ಯಾವತ್ತೂ ಮನಷಾನ ಮೈಮ್ಯಾಗ ಇರಬೇಕು, ಮೈ ಬಿಸಿ ತಾಗತಿರಬೇಕು."

"ತಾಗಲಿಲ್ಲಂದ್ರ?"

"ಲಿಂಗ ಅಂದ್ರ ಪ್ರಾಣ. ಪ್ರಾಣ ಬಿಟ್ಟು ಇರಾಕ ಬರತೈತೇನು?"

ಅದಕ್ಕೊಂದು ಕತೆಯನ್ನೂ ಹೇಳಿದ್ದಳು. ಅವಳೂರಿನಲ್ಲಿ ಒಬ್ಬ ಹೊಳೆಯಲ್ಲಿ ಈಜುವಾಗ ದಾರ ಹರಿದು ಲಿಂಗ ನೀರು ಪಾಲಾಯಿತಂತೆ. ಆತ ದಂಡೆಯ ಮೇಲೆ ಕುಳಿತವನು ಅನ್ನ ನೀರು ಮುಟ್ಟಲಿಲ್ಲವಂತೆ, ಮೂರನೆಯ ದಿನ ಪ್ರಾಣ ಹೋಯಿತಂತೆ. ಆಯಿ ಇದನ್ನು ಹೆದರಿಸಲಿಕ್ಕೆಂದು ಹೇಳಲಿಲ್ಲ, ಊರ ಸುದ್ದಿ ಹೇಳಿದ ಹಾಗೆ ಹೇಳಿದಳು. ನನಗೆ ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

ಅಪ್ಪ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದ. ಆ ವರ್ಷ ಅವನ ಅಂಗಿಗಳೆಲ್ಲ ದೊಡ್ಡವಾಗುತ್ತ ಬಂದವು. ಕೆಮ್ಮು ಇತ್ತು, ಅದು ಗಿರಣಿಯ ಎಲ್ಲರಿಗೂ ಇತ್ತು. ಆದರೆ ಅಪ್ಪ ಈಗ ಮೆಟ್ಟಿಲು ಹತ್ತುವಾಗ ನಡುನಡುವೆ ನಿಲ್ಲತೊಡಗಿದ್ದ. ಅವನ ಚಪ್ಪಲಿ ಸದ್ದು ಕೆಳಗೆ ಶುರುವಾದ ಕೂಡಲೇ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕಿವಿಗೊಡುವಳು. ಮೊದಲು ಒಂದು ಕಡೆ ನಿಲ್ಲುತ್ತಿದ್ದ, ಆಮೇಲೆ ಎರಡು ಕಡೆ, ಮಳೆಗಾಲ ಶುರುವಾಗುವ ಹೊತ್ತಿಗೆ ನಾಲ್ಕು ಕಡೆ. ಡಾಕ್ಟರು ಮೈಯಲ್ಲಿ ರಕ್ತವಿಲ್ಲ ಎಂದರಂತೆ. ಇನ್ನೂ ಏನೋ ಹೇಳಿದರಂತೆ, ಅದನ್ನು ಅಪ್ಪ ಅವ್ವನ ಕಿವಿಯಲ್ಲಿ ಹೇಳಿದ. ಆಯಿ ಶೇಂಗಾ ಬೆಲ್ಲ ತಿನ್ನಿಸಿದಳು, ಹಾಲು ಕುಡಿಸಿದಳು, ತನ್ನ ಪೂಜೆಯನ್ನು ಅರ್ಧ ತಾಸು ಹೆಚ್ಚಿಸಿದಳು. ಅಂಗಿಗಳು ದೊಡ್ಡವಾಗುತ್ತಲೇ ಹೋದವು.

ಒಂದು ಭಾನುವಾರ ಮಧ್ಯಾಹ್ನ ಅಪ್ಪ, "ಗಂಗೀ, ಬೈಕುಲ್ಲಾ ಮಾರ್ಕೆಟ್ಟಿಗೆ ಹೋಗಿ ಕಾಯಿಪಲ್ಲೆ ತರೂಣು ಬಾ" ಎಂದ. ಪರೇಲಿನಲ್ಲಿ ಕಾಯಿಪಲ್ಲೆ ಸಿಗುವುದಿಲ್ಲವೇ ಎಂದು ಕೇಳಬಹುದಾಗಿದ್ದವಳು ಅವ್ವ. ಅವಳು ಕೇಳಲಿಲ್ಲ. ಚೀಲವನ್ನು ನನ್ನ ಕೈಗೆ ಕೊಟ್ಟು ಮುಖ ತಿರುಗಿಸಿಕೊಂಡಳು. ಲೋಕಲ್‌ನಲ್ಲಿ ಮೂರು ಸ್ಟೇಷನ್ನು. ಇಳಿದ ಮೇಲೆ ಅಪ್ಪ ಮಾರ್ಕೆಟ್ಟನ್ನು ಬಿಟ್ಟು ಹಿಂದಿನ ಗಲ್ಲಿಗೆ ನಡೆದ. ಅಲ್ಲಿ ಮುಚ್ಚಿದ ಗೋದಾಮಿನ ಗೋಡೆಗೆ ಒತ್ತಿ ಒಂದು ಕೈಗಾಡಿ ನಿಂತಿತ್ತು. ಮೇಲೆ ಉದ್ದನೆಯ ತಗಡಿನ ಒಲೆ, ಕೆಂಡ, ಅದರ ಮೇಲೆ ಕಬ್ಬಿಣದ ಸಲಾಕೆಗಳು. ಸಲಾಕೆಗಳಲ್ಲಿ ಪೋಣಿಸಿದ್ದದ್ದು ಕಪ್ಪಗೆ, ಕೆಂಪಗೆ, ಹೊಳೆಯುತ್ತಿತ್ತು. ಎಲ್ಲರೂ ಮಾಮು ಎಂದು ಕರೆಯುತ್ತಿದ್ದ ಮುದುಕನೊಬ್ಬ ಅರ್ಧ ಈರುಳ್ಳಿಯನ್ನು ಕೋಲಿಗೆ ಚುಚ್ಚಿ, ಎಣ್ಣೆಯಲ್ಲಿ ಅದ್ದಿ ಅವಕ್ಕೆ ಸವರುತ್ತಿದ್ದ. ಹನಿ ಬಿದ್ದಾಗಲೆಲ್ಲ ಕೆಂಡ ಚುರ್ ಎನ್ನುತ್ತಿತ್ತು. ಅದು ಆಡಿನ ಗುಂಡಿಗೆ ಮತ್ತು ಕಲೇಜಿ ಎನ್ನುವ ಪಿತ್ತಜನಕಾಂಗ ಎಂದು ಆಗ ನನಗೆ ಗೊತ್ತಿರಲಿಲ್ಲ. ಮಾಂಸ ಎಂದಷ್ಟೇ ಗೊತ್ತಾಯಿತು. ಅಷ್ಟು ಹತ್ತಿರದಿಂದ ನಾನು ಅದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಪ್ಪ ಗೋಡೆಯ ಮರೆಗೆ ಸರಿದು ಅಂಗಿಯ ಗುಂಡಿ ಬಿಚ್ಚಿದ. ತನ್ನ ಕರಡಿಗೆಯನ್ನು ದಾರದ ಸಮೇತ ತಲೆಯ ಮೇಲಿಂದ ತೆಗೆದು, ಕಣ್ಣಿಗೆ ಒತ್ತಿಕೊಂಡು, ನನ್ನ ಕೊರಳಿಗೆ ಹಾಕಿದ.

"ಎರಡೂ ಕೈಲೆ ಹಿಡಕೊಂಡು ನಿಂದ್ರು. ಗಾಡಿ ಹತ್ರ ಬರಬ್ಯಾಡ. ನಾ ಬರೂತನಾ ಅಲ್ಲಾಡಬ್ಯಾಡ."

"ಅಪ್ಪಾ, ನಿನ್ನ ಕೊಳ್ಳಾಗ ಏನೂ ಇಲ್ಲಲ್ಲ?"

"ಐದು ಮಿನಿಟ. ಆಯಿ ಮುಂದ ಹೇಳಬ್ಯಾಡ."

ಈಗ ಯೋಚಿಸಿದರೆ ಅಪ್ಪನ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಲಿಂಗ ಕಟ್ಟಿಕೊಂಡು ಮಾಂಸ ತಿನ್ನುವ ಎದೆ ಅವನಿಗಿರಲಿಲ್ಲ. ಮನೆಯಲ್ಲಿ ಬಿಚ್ಚಿಟ್ಟು ಬರೋಣವೆಂದರೆ ಗೂಟಕ್ಕೆ ಹಾಕುವಂತಿಲ್ಲ, ನೆಲಕ್ಕೆ ಇಡುವಂತಿಲ್ಲ, ಇನ್ನೊಂದು ಮೈ ಬೇಕು. ಅವ್ವನ ಕೊರಳಿಗೆ ಹಾಕಿದರೆ ಒಂದೇ ಕೋಣೆಯಲ್ಲಿ ಆಯಿಯ ಕಣ್ಣಿಗೆ ಬೀಳುತ್ತದೆ, ಜೊತೆಗೆ ಕರೆದೊಯ್ಯಬಹುದಾದ, ಬಾಯಿ ಬಿಡದ ಮೈ ಎಂದರೆ ನನ್ನದೊಂದೇ. ಆದರೆ ಆ ಮೈಯೊಳಗಿನ ತಲೆಯಲ್ಲಿ ಹೊಳೆ ದಂಡೆಯ ಮನುಷ್ಯ ಕುಳಿತಿದ್ದಾನೆಂದು ಅಪ್ಪನಿಗೆ ಹೇಗೆ ಗೊತ್ತಾಗಬೇಕು? ಅಪ್ಪನ ಪ್ರಾಣ ಈಗ ನನ್ನ ಕೊರಳಲ್ಲಿದೆ, ಅಪ್ಪ ಪ್ರಾಣವಿಲ್ಲದೆ ಅಲ್ಲಿ ನಿಂತಿದ್ದಾನೆ. ಇದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಅಪ್ಪ ಗೋಡೆಗೆ ಮುಖ ಮಾಡಿ, ಬೆಕ್ಕು ಹಾಲು ಕುಡಿಯುವಾಗ ಮಾಡುವ ಹಾಗೆ ಕಣ್ಣು ಮುಚ್ಚಿಕೊಂಡು ತಿಂದ. ಎರಡನೆಯ ತುಂಡಿಗೇ ಓಕರಿಸಿ ಬಾಗಿದ. ಸತ್ತೇ ಹೋದ ಎಂದುಕೊಂಡೆ. ಕರಡಿಗೆಯನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದು ಅವನ ಬೆನ್ನನ್ನೇ ನೋಡಿದೆ. ಬೆನ್ನು ಏರಿತು, ಇಳಿಯಿತು. ಒಂದು. ಮತ್ತೆ ಏರಿತು, ಇಳಿಯಿತು. ಎರಡು. ಎಣಿಸುತ್ತಿರುವ ತನಕ ಉಸಿರು ನಿಲ್ಲುವುದಿಲ್ಲ ಎಂದು ನನಗೆ ನಾನೇ ನಿಯಮ ಮಾಡಿಕೊಂಡೆ. ಆವತ್ತು ಇನ್ನೂರ ಹನ್ನೊಂದರವರೆಗೆ ಎಣಿಸಿದೆ.

ತಿಂದು ಮುಗಿಸಿ ಅಪ್ಪ ಮೂರು ಸಲ ಕೈತೊಳೆದು, ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು, ಕರಡಿಗೆಯನ್ನು ಮರಳಿ ಹಾಕಿಕೊಂಡ. ಮಾರ್ಕೆಟ್ಟಿನಲ್ಲಿ ಬದನೆಕಾಯಿ, ಮೆಂತ್ಯೆಸೊಪ್ಪು ಕೊಂಡೆವು. ಮನೆಯಲ್ಲಿ ಆಯಿ ಸೊಪ್ಪನ್ನು ಮೂಸಿ, "ಎಂಥಾದೋ ಹೊಗಿ ವಾಸನಿ ಬರತೈತಲ್ಲ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನಾನು ಕೊರಳು ಮುಟ್ಟಿ ನೋಡಿಕೊಂಡೆ. ಅವ್ವ ನನ್ನ ಕೈಗೆ ಫಟ್ಟನೆ ಹೊಡೆದು, "ಟೇಶನ್ನಾಗ ಹೊಗಿ ಬಿಟ್ಟು ಹೂವಿನ ವಾಸನಿ ಇರತೈತೇನು?" ಎಂದು ಅತ್ತೆಯ ಬಾಯಿ ಮುಚ್ಚಿಸಿದಳು.

ಹೀಗೆ ಪ್ರತಿ ಭಾನುವಾರವೂ ನಡೆಯಿತು. ಅಪ್ಪನಿಗೆ ಓಕರಿಕೆ ನಿಂತಿತು. ನಾನು ಮಾತ್ರ ಶುಕ್ರವಾರದಿಂದಲೇ ಅಪ್ಪನ ಕರಡಿಗೆಯ ದಾರವನ್ನು ಕದ್ದು ಕದ್ದು ನೋಡುತ್ತಿದ್ದೆ. ದಾರ ಹರಿದರೆ? ಯಾರಾದರೂ ಬೆಳ್ಳಿಯೆಂದು ಕಿತ್ತುಕೊಂಡರೆ? ಸೀನು ಬಂದು ಎಣಿಕೆ ತಪ್ಪಿದರೆ? ಶಾಲೆಯಲ್ಲಿ ಮಗ್ಗಿ ಹೇಳುವಾಗಲೂ ಅಪ್ಪನ ಬೆನ್ನು ಕಣ್ಣ ಮುಂದೆ ಬರುತ್ತಿತ್ತು. ಆದರೆ ಮೆಟ್ಟಿಲ ಮೇಲೆ ಅಪ್ಪ ನಿಲ್ಲುವುದು ನಾಲ್ಕರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ ಇಳಿಯಿತು. ಅವನ ತುಟಿಗೆ ಬಣ್ಣ ಬಂತು. ಆಯಿ ಅದನ್ನೆಲ್ಲ ತನ್ನ ಅರ್ಧ ತಾಸಿನ ಪೂಜೆಯ ಫಲ ಎಂದಳು. ಯಾರೂ ಅಲ್ಲವೆನ್ನಲಿಲ್ಲ.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ. ಎಂಬತ್ತನಾಲ್ಕರವರೆಗೆ ಎಣಿಸಿದ್ದೆ. ಗಲ್ಲಿಯ ಬಾಯಲ್ಲಿ ಯಾರೋ "ಗಾಡಿ ಆಯೀ!" ಎಂದು ಕೂಗಿದರು. ಬಂದದ್ದು ಬೀದಿ ಬದಿಯ ಕೈಗಾಡಿಗಳನ್ನು ಎತ್ತಿ ಒಯ್ಯುವ ಮುನಿಸಿಪಾಲಿಟಿಯ ಲಾರಿ. ಕಣ್ಣು ಮಿಟುಕಿಸುವಷ್ಟರಲ್ಲಿ ಹಣ್ಣಿನವರು, ಕಬ್ಬಿನ ಹಾಲಿನವರು, ಪಾತ್ರೆಯವರು ಎಲ್ಲರೂ ತಮ್ಮ ಗಾಡಿ ತಳ್ಳಿಕೊಂಡು ನನ್ನತ್ತಲೇ ನುಗ್ಗಿದರು. ಅಪ್ಪ "ಗಂಗೀ!" ಎಂದದ್ದು ಕೇಳಿತು. ಅವನ ಕೈಯಲ್ಲಿ ಸಲಾಕೆ ಇತ್ತು. ನಡುವೆ ಒಂದು ಗಾಡಿ ಬಂತು, ಇನ್ನೊಂದು ಬಂತು, ಆಮೇಲೆ ಅಪ್ಪ ಇರಲಿಲ್ಲ. ಯಾರದೋ ಕೈ ನನ್ನ ತೋಳನ್ನು ಹಿಡಿದು ಎಳೆಯಿತು. ಮಾಮು. ಒಂದು ಕೈಯಲ್ಲಿ ಉರಿಯುವ ಗಾಡಿ, ಇನ್ನೊಂದರಲ್ಲಿ ನಾನು. ಓಡಿ ಓಡಿ, ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಗಾಡಿ ತೂರಿಸಿ ನಿಲ್ಲಿಸಿದ.

ನಾನು ಅಳಲಿಲ್ಲ. ಅಳುವುದಕ್ಕೂ ಹೆದರಿಕೆ. ಎಣಿಸುವುದಕ್ಕೆ ಅಪ್ಪನ ಬೆನ್ನು ಕಾಣಿಸುತ್ತಿಲ್ಲ. ಕರಡಿಗೆ ಒಂದು ಕಡೆ, ಅಪ್ಪ ಇನ್ನೊಂದು ಕಡೆ. ಐದು ನಿಮಿಷ ಎಂದಿದ್ದ, ಐದು ನಿಮಿಷ ಯಾವಾಗಲೋ ಆಗಿಹೋಗಿತ್ತು. ನನ್ನ ಹಲ್ಲು ಕಟಕಟ ಎನ್ನುವುದನ್ನು ಕಂಡು ಮಾಮು ಪಾವು ಎನ್ನುವ ಬನ್ನೊಂದನ್ನು ಸೀಳಿ, ಬಿಸಿ ತಗಡಿಗೆ ಒತ್ತಿ, ಈರುಳ್ಳಿ ಇಟ್ಟು ನನ್ನ ಕೈಗೆ ಕೊಟ್ಟ.

"ಖಾ ಲೇ ಬೇಟಿ. ಗೋಶ್ತ್ ನಹೀ ಹೈ, ಖಾಲೀ ಪಾವ್. ತೇರಾ ಬಾಪ್ ಮಿಲ್ ಜಾಯೇಗಾ."

ನಿನ್ನಪ್ಪ ಸಿಗುತ್ತಾನೆ, ಇದು ಬರೀ ಪಾವು, ಮಾಂಸವಿಲ್ಲ ಎಂದ ಆತ. ಅವನ ಮಟ್ಟಿಗೆ ಅದು ನಿಜ. ನಾನು ಆಯಿ ಕಲಿಸಿದ ಹಾಗೆ, ಕೈಗೆ ಸಿಕ್ಕ ಕರಡಿಗೆಯನ್ನು ತೆರೆದು, ಲಿಂಗಕ್ಕೆ ಪಾವು ತೋರಿಸಿ, ಮುಟ್ಟಿಸಿ, ಒಂದು ತುತ್ತು ಕಚ್ಚಿದೆ. ಕಚ್ಚಿದ ಮೇಲೆ ನಾಲಗೆಗೆ ಜಿಡ್ಡು ತಾಕಿತು. ತಗಡಿನ ಮೇಲೆ ಅಷ್ಟು ಹೊತ್ತೂ ತೊಟ್ಟಿಕ್ಕಿದ್ದ ಜಿಡ್ಡು ಅದು. ಕೆಳಗೆ ನೋಡಿದೆ. ತೆರೆದಿದ್ದದ್ದು ನನ್ನ ಕರಡಿಗೆ ಅಲ್ಲ, ಅಪ್ಪನದು. ಅಪ್ಪ ಯಾವುದನ್ನು ತಪ್ಪಿಸಲಿಕ್ಕೆ ಇಷ್ಟು ಭಾನುವಾರ ನನ್ನನ್ನು ಕರೆತಂದನೋ ಅದನ್ನೇ ನಾನು ನನ್ನ ಕೈಯಾರೆ ಮಾಡಿದ್ದೆ. ತುತ್ತನ್ನು ಉಗುಳಲೂ ಆಗಲಿಲ್ಲ, ಲಿಂಗಕ್ಕೆ ತೋರಿಸಿದ್ದನ್ನು ಉಗುಳಬಾರದು. ನುಂಗಿದೆ.

ಮಾಮು ಗಾಡಿಯನ್ನು ಪಕ್ಕದವನಿಗೆ ಒಪ್ಪಿಸಿ ನನ್ನನ್ನು ಮಾರ್ಕೆಟ್ಟಿನ ಸುತ್ತ, ಸ್ಟೇಷನ್ನಿನ ಎರಡೂ ಬದಿಗೆ ತಿರುಗಿಸಿದ. ಅಪ್ಪ ಎಲ್ಲೂ ಇರಲಿಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಮಲಗಿದ್ದ ಪ್ರತಿಯೊಬ್ಬನ ಮುಖವನ್ನೂ ಬಗ್ಗಿ ನೋಡಿದೆ. ಕೊನೆಗೆ ಆತನೇ ನನ್ನನ್ನು ಲೋಕಲ್ ಹತ್ತಿಸಿಕೊಂಡು ಪರೇಲಿಗೆ ಬಂದ. ದಾರಿಯುದ್ದಕ್ಕೂ ಅಪ್ಪನ ಕರಡಿಗೆಯನ್ನು ಅಂಗೈಗಳ ನಡುವೆ ಇಟ್ಟುಕೊಂಡು ಬಾಯಿಂದ ಬಿಸಿಯುಸಿರು ಊದುತ್ತಿದ್ದೆ, ತಣ್ಣಗಾಗಬಾರದು ಎಂದು. ಚಾಳಿನ ಗೇಟಿನ ಹತ್ತಿರ ಮಾಮು ನಿಂತುಬಿಟ್ಟ. ನನ್ನ ಕೊರಳಿನ ಎರಡು ದಾರಗಳನ್ನು ನೋಡಿದ, ತನ್ನ ಹೊಗೆ ಹಿಡಿದ ಬನಿಯನ್ನನ್ನು ನೋಡಿಕೊಂಡ.

"ಮೈ ಊಪರ್ ನಹೀ ಆತಾ. ತೂ ಜಾ." ತಾನು ಮೇಲೆ ಬರುವುದಿಲ್ಲವೆಂದು ನನ್ನೊಬ್ಬಳನ್ನೇ ಕಳಿಸಿದ.

ದೀಪ ಹಚ್ಚುವ ಹೊತ್ತು. ಮೂರು ಮಹಡಿ ಹತ್ತಿದೆ. ನಮ್ಮ ಖೋಲಿಯಿಂದ ರೊಟ್ಟಿಯ ಸದ್ದು ಬರುತ್ತಿರಲಿಲ್ಲ. ಬಾಗಿಲಲ್ಲಿ ಅಪ್ಪನ ಚಪ್ಪಲಿ ಕಂಡಿತು, ಚಪ್ಪಲಿ ಮಾತ್ರ ಯಾರಾದರೂ ತಂದಿರಬಹುದು ಎಂದುಕೊಂಡೆ. ಒಳಗೆ ಅಪ್ಪ ನೆಲದ ಮೇಲೆ ಕುಳಿತಿದ್ದ. ಅಂಗಿಯ ಗುಂಡಿ ತೆರೆದಿತ್ತು, ಕೊರಳು ಬರಿದಾಗಿತ್ತು. ನಾನು ಮನೆಗೆ ಬಂದೆನೇನೋ ಎಂದು ನೋಡಲು ಓಡಿ ಬಂದು ಆಯಿಯ ಎದುರಿಗೆ ಸಿಕ್ಕಿಬಿದ್ದಿದ್ದ. ನನ್ನನ್ನು ಕಂಡದ್ದೇ ಅವ್ವ ಬಾಚಿ ತಬ್ಬಿಕೊಂಡಳು. ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವನ ಬೆನ್ನು ಏರಿ ಇಳಿಯುತ್ತಿತ್ತು. ಬದುಕಿದ್ದ. ನನಗೆ ಆಗ ಅಳು ಬಂತು.

ಆಯಿ ಅಲ್ಲಾಡಲಿಲ್ಲ. ನನ್ನ ಕೊರಳನ್ನೇ ನೋಡುತ್ತಿದ್ದಳು.

"ಬಸೂ, ಇದೇನಿದು?" ಎಂದು ಮಗನನ್ನು ಕೇಳಿದಳು.

"ಡಾಕ್ಟರು ಕಲೇಜಿ ತಿನ್ನು ಅಂದಾರವ್ವಾ. ತಿಂದೇನಿ. ನಾಕು ತಿಂಗಳಾತು. ಲಿಂಗ ಇಟ್ಟು ಹೋಗಾಕ ಜಾಗಾ ಇರಲಿಲ್ಲ."

ಆಯಿ ನನ್ನನ್ನು ಹತ್ತಿರ ಕರೆದಳು.

"ನೀ ಏನರ ತಿಂದೇನು?"

ಸುಳ್ಳು ಹೇಳಬಹುದಿತ್ತು. ಆದರೆ ಅಷ್ಟು ತಿಂಗಳ ಹೆದರಿಕೆ ಒಟ್ಟಿಗೇ ಬಾಯಿಗೆ ಬಂತು. ಉಸಿರು ಎಣಿಸುತ್ತಿದ್ದದ್ದು, ಪಾವು, ತಗಡು, ಜಿಡ್ಡು, ಅಪ್ಪನ ಕರಡಿಗೆ ಎಲ್ಲವನ್ನೂ ಬಿಕ್ಕುತ್ತ ಹೇಳಿದೆ. ಹೇಳಿ ಮುಗಿಸಿ, "ಆಯೀ, ಈಗ ಅಪ್ಪ ಸಾಯತಾನೇನು?" ಎಂದು ಕೇಳಿದೆ.

ಆಯಿ ಕಣ್ಣು ಮುಚ್ಚಿದಳು.

"ಲಿಂಗಕ್ಕ ತೋರಿಸಿ ತಿಂದೆಲ್ಲ?"

"ಹೂಂ."

"ಹಂಗಾದ್ರ ಅದು ಪ್ರಸಾದ ಆತು. ಪ್ರಸಾದ ತಿಂದವರು ಸಾಯೂದಿಲ್ಲ."

ಅದನ್ನು ಆಕೆ ನಂಬಿ ಹೇಳಿದಳೋ, ನನ್ನ ಬಾಯಿ ಮುಚ್ಚಿಸಲು ಹೇಳಿದಳೋ ಇಂದಿಗೂ ನನಗೆ ಗೊತ್ತಿಲ್ಲ. ಕರಡಿಗೆಯನ್ನು ನನ್ನ ಕೊರಳಿಂದ ತೆಗೆದಳು. ಮೋರಿಯಲ್ಲಿ ಕೂತು ಲಿಂಗವನ್ನು ತುಂಬ ಹೊತ್ತು ತೊಳೆದು, ವಿಭೂತಿ ಇಟ್ಟು, ಮಗನ ಕೊರಳಿಗೆ ಹಾಕಿದಳು. ಆಮೇಲೆ ಆರು ದಿನ ಅವನೊಂದಿಗೆ ಮಾತಾಡಲಿಲ್ಲ. ತನ್ನ ಗಂಜಿಯನ್ನು ಬೇರೆ ಪಾತ್ರೆಯಲ್ಲಿ ತಾನೇ ಕಾಸಿಕೊಂಡಳು. ಬುಧವಾರ ಅಟ್ಟದಿಂದ ಟ್ರಂಕನ್ನು ಇಳಿಸಲು ಹೇಳಿದಳು. ಊರಿಗೆ ಹೊರಟಳೆಂದು ಅವ್ವನೂ ಹೆದರಿದಳು, ದಿನಾ ಜಗಳಾಡುತ್ತಿದ್ದವಳು ಮೆತ್ತಗೆ ರೊಟ್ಟಿ ತಟ್ಟತೊಡಗಿದಳು. ಅಪ್ಪ ಮತ್ತೆ ಸೊರಗಿದವನಂತೆ ಕಂಡ. ಶನಿವಾರ ಮೆಟ್ಟಿಲ ಮೇಲೆ ಎರಡು ಕಡೆ ನಿಂತ. ಆ ಎರಡನ್ನೂ ಮನೆಯ ಮೂವರು ಹೆಂಗಸರೂ ಕೇಳಿಸಿಕೊಂಡೆವು.

ಭಾನುವಾರ ಮಧ್ಯಾಹ್ನ ಅಪ್ಪ ಹೊರಡಲಿಲ್ಲ. ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ನಾಲ್ಕು ಹೊಡೆಯಿತು. ಆಯಿ ಎದ್ದು, ಮುಖ ತೊಳೆದು, ಅವನ ಎದುರಿಗೆ ಬಂದು ಕುಕ್ಕರುಗಾಲಿನಲ್ಲಿ ಕುಳಿತಳು.

"ಯಾಕ, ಇವತ್ತ ಮಾರ್ಕೆಟ್ಟಿಗೆ ಹೋಗಂಗಿಲ್ಲೇನು?"

ಆಯಿ ತಲೆಯ ಮೇಲಿನ ಸೆರಗು ಸರಿಸಿ ಕತ್ತು ಬಗ್ಗಿಸಿದಳು.

"ಹುಡುಗಿ ಕೊಳ್ಳಾಗ ಹಾಕಬ್ಯಾಡ. ಸಣ್ಣದೈತಿ, ಅಂಜತೈತಿ. ಇಲ್ಲಿ ಹಾಕು. ಹಾಕಿ ಹೋಗು."

ಅಪ್ಪ ತನ್ನ ಕರಡಿಗೆ ತೆಗೆದು ಹಾಕಿದ. ದಾರ ಆಯಿಯ ಬಿಳಿಗೂದಲ ಗಂಟಿಗೆ ಸಿಕ್ಕಿಕೊಂಡಿತು, ಅವ್ವ ಬಂದು ಬಿಡಿಸಿದಳು. ಅಪ್ಪ ಚೀಲ ತೆಗೆದುಕೊಂಡು ಒಬ್ಬನೇ ಮೆಟ್ಟಿಲಿಳಿದ. ಆಯಿ ಬಾಗಿಲ ಹೊಸ್ತಿಲಲ್ಲಿ ಕುಳಿತಳು. ಕೊರಳಲ್ಲಿ ಎರಡು ಕರಡಿಗೆ, ಅವುಗಳ ಮೇಲೆ ಎರಡೂ ಕೈ. ಅವ್ವ ಚಹಾ ತಂದಿಟ್ಟಳು, ಮುಟ್ಟಲಿಲ್ಲ. ಅದು ಆರಿ ಕೆನೆಗಟ್ಟಿತು. ನಾನು ಹೋಗಿ ಆಕೆಯ ತೊಡೆಗೆ ಒತ್ತಿ ಕುಳಿತೆ. ಆಕೆಯ ತುಟಿಗಳು ಅಲ್ಲಾಡುತ್ತಿದ್ದವು. ಮಂತ್ರ ಹೇಳುತ್ತಿದ್ದಾಳೆ ಎಂದುಕೊಂಡೆ.

"ಆಯೀ, ನಿನಗೂ ಅಂಜಿಕಿ ಬರತೈತೇನು?"

ಆಯಿ ಮೆಟ್ಟಿಲಿನಿಂದ ಕಣ್ಣು ಕೀಳಲಿಲ್ಲ.

"ಸುಮ್ನ ಕುಂದ್ರು," ಎಂದಳು. "ಎಣಿಕಿ ತಪ್ಪತೈತಿ."